ಅರವತ್ತು, ನಲವತ್ತೈದು ಮತ್ತು ಕಾಕಾನ ಪಾದ

ನಮ್ಮ ಆಳಂದ ಕಡೆ ಸೊಂಟನೋವಿಗೆ ಟೊಂಕದ ಬ್ಯಾನಿ ಅಂತಾರೆ. ತೊಗರಿ ಕೊಯ್ಲಿನ ಟೈಮಲ್ಲಿ ಊರಿನ ಅರ್ಧ ಜನರ ಮಾತು ಅದರಿಂದಲೇ ಶುರು. ಬೆಂಗಳೂರಲ್ಲಿ ನಮ್ಮ ಆಫೀಸಲ್ಲೂ ಅಷ್ಟೇ ಬಿಡಿ, ಕಾರಣ ಮಾತ್ರ ಬೇರೆ.

ಈ ಸಲ ಬ್ಯಾನಿ ಹಿಡಿದಿದ್ದು ನಮ್ಮ ಕಾಕಾನನ್ನ. ಟೊಂಕದಿಂದ ಎಡಗಾಲಿನ ಮೀನಖಂಡದವರೆಗೂ ಕರೆಂಟ್ ಹೊಡೆದ ಹಾಗೆ. ಮೂರು ವಾರದ ಅಂತರದಲ್ಲಿ ಎರಡು ಕಡೆ ತೋರಿಸಿದ್ದರು, ಒಮ್ಮೆ ಕಲಬುರಗಿಯಲ್ಲಿ, ಒಮ್ಮೆ ಸೊಲ್ಲಾಪುರದಲ್ಲಿ. ಆಮೇಲೆ ಫೋನ್ ಬಂತು.

"ತಮ್ಮಾ, ಮೊದ್ಲು ಅರವತ್ತಿತ್ತಂತ, ಈಗ ನಲವತ್ತೈದಕ್ಕ ಬಂದದಂತ. ಬ್ಯಾನಿ ಹೆಚ್ಚಾಗ್ಯದ, ಲಗೂನ ಆಪರೇಷನ್ ಮಾಡಿಸ್ರಿ ಅಂತ ಹೇಳ್ಲಿಕತ್ತಾರ."

ಮನೆಯಲ್ಲಿ ಆಗಲೇ ಎತ್ತು ಮಾರೋ ಮಾತು ನಡೆದಿತ್ತು.

ಚೀಟಿಗಳ ಫೋಟೋ ತರಿಸಿಕೊಂಡೆ. ಒಂದರಲ್ಲಿ ಎಸ್‌ಎಲ್‌ಆರ್ 60, ಇನ್ನೊಂದರಲ್ಲಿ 45. ಎಸ್‌ಎಲ್‌ಆರ್ ಅಂದ್ರೆ ಸ್ಟ್ರೇಟ್ ಲೆಗ್ ರೇಸ್. ಅಂಗಾತ ಮಲಗಿಸಿ, ಮೊಣಕಾಲು ಮಡಚದ ಹಾಗೆ ಹಿಡಿದು, ಡಾಕ್ಟರೇ ಕಾಲನ್ನ ನಿಧಾನಕ್ಕೆ ಎತ್ತುತ್ತಾರೆ. ಕಾಲಿಗೆ ಇಳಿಯೋ ಆ ನೋವು ಎಷ್ಟು ಡಿಗ್ರಿಗೆ ಬಂತು ಅಂತ ಬರೆದುಕೊಳ್ಳುತ್ತಾರೆ. 1880ರಲ್ಲಿ ಇದನ್ನ ವಿವರಿಸಿದವನು ಸರ್ಬಿಯಾದ ಲಾಜಾ ಲಾಜಾರೆವಿಚ್. ನಮ್ಮ ಅನುಪಮಾ ನಿರಂಜನ ಅವರ ಹಾಗೆ ಡಾಕ್ಟರೂ ಹೌದು, ಕಥೆಗಾರನೂ ಹೌದು. ಆದ್ರೆ ಟೆಸ್ಟಿಗೆ ಅಂಟಿಕೊಂಡಿದ್ದು ಫ್ರಾನ್ಸಿನ ಲಾಸೇಗ್ ಹೆಸರು, ಅದೂ 1881ರಲ್ಲಿ ಅವರ ಶಿಷ್ಯ ಬರೆದ ಪ್ರಬಂಧದಿಂದ. ಐಟಿಯವರಿಗೆ ಇದೇನೂ ಹೊಸದಲ್ಲ!

ಈಗ ಪಾದದ ವಿಷಯಕ್ಕೆ ಬರ್ತೀನಿ. ಕಾಲು ಎತ್ತಿದಾಗ ಎರಡು ವಸ್ತು ಬಿಗಿಯುತ್ತವೆ. ಒಂದು ಸಿಯಾಟಿಕ್ ನರ, ಇನ್ನೊಂದು ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯು. ನೋವು ಯಾವುದರದ್ದು? ಸ್ನಾಯು ಕೂರುವ ಮೂಳೆಯಿಂದ ಹೊರಟು ಮೊಣಕಾಲಿನ ಸ್ವಲ್ಪ ಕೆಳಗೆ ಮುಗಿದುಹೋಗುತ್ತದೆ, ಪಾದದ ಕೀಲನ್ನ ದಾಟೋದೇ ಇಲ್ಲ. ನರದ ಕವಲುಗಳು ಅಂಗಾಲಿನ ತನಕ ಹೋಗುತ್ತವೆ. ಹಾಗಾಗಿ ನೋವು ಬರೋವರೆಗೆ ಎತ್ತಿ, ನೋವು ಹೋಗೋಷ್ಟು ಇಳಿಸಿ, ಪಾದವನ್ನ ಮಾತ್ರ ಮುಖದ ಕಡೆಗೆ ಬಾಗಿಸಬೇಕು. ಅದೇ ನೋವು ಮತ್ತೆ ಬಂದರೆ ಅನುಮಾನ ನರದ ಮೇಲೆ. ಇದಕ್ಕೆ ಬ್ರಗಾರ್ಡ್ ಟೆಸ್ಟ್ ಅಂತಾರೆ. ಬರೀ ಮೊಣಕಾಲ ಹಿಂದೆ ಎಳೆದ ಹಾಗಾದ್ರೆ ಲೆಕ್ಕಕ್ಕಿಲ್ಲ, ಅದು ನಿಮಗೂ ಆಗುತ್ತೆ, ನನಗೂ ಆಗುತ್ತೆ.

ಹಾಗಾದ್ರೆ ಪಾದವನ್ನ ಮೊದಲಿಂದಲೇ ಬಾಗಿಸಿ ಹಿಡಿದು ಕಾಲೆತ್ತಿದರೆ? ನರ ಆಗಲೇ ಬಿಗಿದಿರುತ್ತೆ, ನೋವು ಕಡಿಮೆ ಡಿಗ್ರಿಗೇ ಬರುತ್ತೆ. ಅದೇ ಮನುಷ್ಯ, ಅದೇ ಕಾಲು, ಅದೇ ದಿನ, ಆದ್ರೂ ನಂಬರ್ ಬೇರೆ. ಎರಡೂ ಚೀಟಿಯಲ್ಲಿ ಪಾದದ ಬಗ್ಗೆ ಒಂದಕ್ಷರ ಇರಲಿಲ್ಲ. ಒಂದೇ ಟೆಸ್ಟ್ ಕೇಸನ್ನ ಎರಡು ಬೇರೆ ಸೆಟಿಂಗ್‌ನಲ್ಲಿ ಓಡಿಸಿ ಕೋಡ್ ಕೆಟ್ಟಿದೆ ಅಂದರೆ ನಮ್ಮ ಮ್ಯಾನೇಜರ್ ಕೂಡ ಒಪ್ಪಲ್ಲ.

"ಕಾಕಾ, ಕಾಲು ಎತ್ತುವಾಗ ಪಾದ ಹೆಂಗ ಹಿಡಿದಿದ್ರು?"

"ಮೊದಲಿನವರು ಹಿಮ್ಮಡ ಹಿಡಿದು ಎತ್ತಿದ್ರು. ಎರಡನೇದವರು ಬೆರಳು ಮ್ಯಾಲ ಮಾಡಿ ಒತ್ತಿ ಹಿಡಿದಿದ್ರು ನೋಡು, ಜೀವ ಹೋದಂಗ ಆತು."

ರಜೆ ಹಾಕಿ ಊರಿಗೆ ಹೋಗಿ, ಕಾಕಾನನ್ನ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದೆ. ಅವರು ನನ್ನ ಪ್ರಶ್ನೆಗೆ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಎರಡೂ ರೀತಿ ಅಳೆದರು. ಪಾದ ಸಡಿಲ ಬಿಟ್ಟಾಗ 60, ಬಾಗಿಸಿದಾಗ 46. ಹೆಬ್ಬೆರಳಿನ ಬಲ, ಪಾದದ ಸ್ಪರ್ಶ ಎಲ್ಲ ನೋಡಿದರು, ಸರಿ ಇತ್ತು. ನರದ ತೊಂದರೆ ಇದ್ದದ್ದು ನಿಜ, ಆದರೆ ಮೂರು ವಾರದಲ್ಲಿ ಹೆಚ್ಚಾಗಿದೆ ಅನ್ನೋದಕ್ಕೆ ಆಧಾರ ಇರಲಿಲ್ಲ. ಸರ್ಜನ್ ಒಬ್ಬರನ್ನೂ ಕಂಡೆವು, ಆರು ವಾರ ಕಾಯೋಣ ಅಂದರು. ಡಿಸ್ಕ್‌ನಿಂದ ಬರೋ ಕಾಲುನೋವು ಬಹಳ ಜನಕ್ಕೆ ಆಪರೇಷನ್ ಇಲ್ಲದೇ ಇಳಿಯುತ್ತದೆ.

ಇನ್ನೊಂದು ಮಾತು. ಈ ಟೆಸ್ಟನ್ನ ಪೂರ್ತಿ ನಂಬೋಕೂ ಆಗಲ್ಲ. ಆಪರೇಷನ್‌ಗೆ ಬಂದವರ ಮೇಲಿನ ಅಧ್ಯಯನಗಳನ್ನ ಒಟ್ಟು ಮಾಡಿ 2010ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಡಿಸ್ಕ್ ಜಾರಿದ 100 ಜನರಲ್ಲಿ 92 ಮಂದಿಯನ್ನ ಇದು ಹಿಡಿಯುತ್ತೆ. ಆದ್ರೆ ಜಾರದೇ ಇರೋ 100 ಜನರಲ್ಲಿ 28 ಮಂದಿಗೆ ಮಾತ್ರ ಇಲ್ಲ ಅನ್ನುತ್ತೆ. ಹಾಗಂತ ಇದನ್ನ ಓದಿ ಯಾರೂ ಮನೇಲಿ ಕೂರಬೇಡಿ. ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಪಾದ ಎತ್ತೋಕೆ ಬಲ ಇಲ್ಲದಾದರೆ ಅವತ್ತೇ ಆಸ್ಪತ್ರೆಗೆ ಓಡಬೇಕು.

ಕಾಕಾಗೆ ಈಗ ನಾಲ್ಕನೇ ವಾರ. ಹೊಲದ ತನಕ ನಡೆದು ಹೋಗಿ ಬರ್ತಾರೆ, ಬಗ್ಗೋದು ಇನ್ನೂ ಕಷ್ಟ. ಎತ್ತು ಕೊಟ್ಟಿಗೆಯಲ್ಲೇ ಇವೆ. ಹೊಸ ಚೀಟಿಯಲ್ಲಿ "64, ಪಾದ ಸಡಿಲ" ಅಂತ ಬರೆದಿದೆ.

ನಿಮ್ಮ ಮನೇಲಿ ಇಂಥ ಚೀಟಿ ಇದ್ರೆ ಸ್ವಲ್ಪ ತೆಗೆದು ನೋಡಿ, ಪಾದದ ಬಗ್ಗೆ ಏನಾದ್ರೂ ಬರೆದಿದ್ದಾರಾ?