‘ಶುಭಂ’ ಆದ ಮೇಲೆ

ನಮ್ಮ ಹಳೆಯ ಚಲಚ್ಚಿತ್ರಗಳು ಮುಗಿಯುವ ರೀತಿ ನನಗೆ ಬಹಳ ಹಿಡಿಸುತ್ತದೆ. ನಾಯಕ ನಾಯಕಿಯರ ಕೊರಳಿಗೆ ಹಾರ ಬೀಳುತ್ತದೆ, ಮುನಿದ ಹಿರಿಯರು ನಗುತ್ತಾರೆ, ತೆರೆಯ ಮೇಲೆ ‘ಶುಭಂ’ ಎಂದು ಮೂಡುತ್ತದೆ. ಬುದ್ಧಿವಂತ ಪ್ರೇಕ್ಷಕ ಎದ್ದು ಮನೆಗೆ ಹೋಗುತ್ತಾನೆ. ಆದರೆ ಹತ್ತು ವರ್ಷದ ಮಕ್ಕಳಿಗೆ ಈ ಶಿಷ್ಟಾಚಾರ ತಿಳಿಯದು. ಕಳೆದ ಚೌತಿಯ ಸಂಜೆ, ಸೊರಬದ ನಮ್ಮ ಹಿರಿಯರ ಮನೆಯಲ್ಲಿ, ಟಿ.ವಿ.ಯಲ್ಲಿ ‘ಗಣೇಶನ ಮದುವೆ’ ಮುಗಿದ ಕೂಡಲೇ ನನ್ನ ಮಗಳು ಕೇಳಿದಳು: “ಆಮೇಲೆ ಏನಾಯ್ತು?”

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಇದಕ್ಕೆ ಉತ್ತರ ಕೊಡಬೇಕಾಗಿತ್ತು, ಕೊಡಲಾರದೆ ಹೋದೆ.

ಫಣಿ ರಾಮಚಂದ್ರರು ನಿರ್ದೇಶಿಸಿದ ಆ ಚಿತ್ರ 1990ರದು. ಒಂದೇ ವಠಾರದಲ್ಲಿ ಹಗಲೆಲ್ಲ ಕಚ್ಚಾಡುವ ಅನಂತನಾಗ್ ಮತ್ತು ವಿನಯಾ ಪ್ರಸಾದ್, ಬೇರೆ ಹೆಸರುಗಳಲ್ಲಿ ತಾವೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿರುವುದನ್ನು ಅರಿಯರು. ಚಿತ್ರ ಗೆದ್ದಿತು. 1991ರಲ್ಲಿ ‘ಗೌರಿ ಗಣೇಶ’ ಬಂತು, 1992ರಲ್ಲಿ ‘ಗಣೇಶ ಸುಬ್ರಹ್ಮಣ್ಯ’. ಗಣೇಶನ ಹೆಸರು ಅದೇ, ಅನಂತನಾಗ್ ಅವರೇ. ಕಥೆ ಮಾತ್ರ ಪ್ರತಿ ಸಲವೂ ಹೊಸದು. ವಠಾರದ ದಂಪತಿಗಳ ಸಂಸಾರಕ್ಕೆ ಯಾರೂ ಮತ್ತೆ ಇಣುಕಲಿಲ್ಲ. ಇದು ಜಾಣತನವೆಂದೇ ನನ್ನ ಎಣಿಕೆ.

ಟಿ.ವಿ.ಗೆ ಈ ಸಂಯಮ ಕಡಮೆ. ಶಂಕರನಾಗ್ ನಮ್ಮ ಜಿಲ್ಲೆಯ ಆಗುಂಬೆಯಲ್ಲಿ ಕಟ್ಟಿದ ಮಾಲ್ಗುಡಿಯ ಕಥೆಗಳನ್ನು 2006ರಲ್ಲಿ ಕವಿತಾ ಲಂಕೇಶ್ ಮುಂದುವರಿಸಿದರು. ನಗೆಯ ಧಾರಾವಾಹಿ ‘ಪಾಪ ಪಾಂಡು’ 2018ರಲ್ಲಿ ಮರಳಿ ಬಂತು. 2022ರಲ್ಲಿ ‘ಮಾಯಾಮೃಗ’ವು ‘ಮತ್ತೆ ಮಾಯಾಮೃಗ’ವಾಯಿತು. ಕಾರಣ ಸರಳ. ಹೊಸ ಹೆಸರನ್ನು ಮನೆಮನೆಗೆ ಪರಿಚಯಿಸುವ ಶ್ರಮ ಉಳಿಯುತ್ತದೆ. ಕಂಡ ಮುಖ ಬಾಗಿಲಿಗೆ ಬಂದರೆ ಯಾರು ತಾನೆ ಕದ ಹಾಕಿಯಾರು?

ತೊಡಕಿರುವುದು ಬೇರೆ ಕಡೆ. ಸುಖವಾಗಿ ಮುಗಿದ ಕಥೆಗೆ ಎರಡನೆಯ ಭಾಗ ಬೇಕಾದರೆ, ಮೊದಲು ಬಿಡಿಸಿದ ಗಂಟನ್ನು ಮತ್ತೆ ಹಾಕಬೇಕು. ಕೂಡಿದವರು ಮತ್ತೆ ಕಾದಾಡಬೇಕು. ನಮ್ಮಜ್ಜಿ ಇದನ್ನು ಬಲ್ಲವಳಾಗಿದ್ದಳು. 1988ರಲ್ಲಿ ರಾಮಾನಂದ ಸಾಗರರ ರಾಮಾಯಣ ಮುಗಿದು ಉತ್ತರ ರಾಮಾಯಣ ಶುರುವಾದಾಗ, ಪಕ್ಕದ ಮನೆಯ ಟಿ.ವಿ.ಯ ಮುಂದಿನಿಂದ ಎದ್ದು ಬಂದುಬಿಟ್ಟಳು. “ಪಟ್ಟಾಭಿಷೇಕ ಆದ ಮೇಲೆ ಪುಸ್ತಕ ಮುಚ್ಚಿ ಕೈ ಮುಗೀಬೇಕು” ಎಂಬುದು ಅವಳ ವಿಮರ್ಶೆ.

ನಮ್ಮ ಮನೆಯ ಉತ್ತರಕಾಂಡವನ್ನು ನೋಡುವುದಕ್ಕೆ ಅವಳಿರಲಿಲ್ಲ.

ಅಪ್ಪ ಬಿಗಿ ಮುಖದ ಮನುಷ್ಯರು. ನಾನು ಚಿಕ್ಕವನಿದ್ದಾಗ ಒಂದು ಸಂಜೆ ಇದೇ ‘ಗಣೇಶನ ಮದುವೆ’ಯನ್ನು ಅವರ ಎಡಕ್ಕೆ ಅಣ್ಣ, ಬಲಕ್ಕೆ ನಾನು ಕುಳಿತು ನೋಡುತ್ತಿದ್ದೆವು. ಇನ್ನೇನು ಗುಟ್ಟು ಬಯಲಾಗಬೇಕು, ಕರೆಂಟು ಹೋಯಿತು. ಮಲೆನಾಡಿನ ಮಳೆಗಾಲದಲ್ಲಿ ಅದೇನು ಹೊಸತಲ್ಲ. ಚಿತ್ರವನ್ನು ಮೊದಲೇ ಶಿವಮೊಗ್ಗದಲ್ಲಿ ನೋಡಿ ಬಂದಿದ್ದ ಅಪ್ಪ, ಉಳಿದ ಕಥೆಯನ್ನು ಕತ್ತಲಲ್ಲಿ ತಾವೇ ಆಡಿ ತೋರಿಸಿದರು. ನಾಯಕಿಯ ಮಾತನ್ನು ಹೆಣ್ಣುದನಿಯಲ್ಲಿಯೇ ಹೇಳಿದರು! ಅವರ ಮುಖ ಕಾಣದಿದ್ದುದರಿಂದಲೇ ಅದು ಸಾಧ್ಯವಾಯಿತೋ ಏನೋ.

ಅವರು ಹೋದ ಮೇಲೆ ಅಡಿಕೆ ತೋಟದ ಪಾಲಿನ ಮಾತು ಬಂತು. ತಪ್ಪು ಅಣ್ಣನದೆಷ್ಟು, ನನ್ನದೆಷ್ಟು ಎಂದು ಇಲ್ಲಿ ಬರೆದರೆ ನ್ಯಾಯ ನನ್ನ ಕಡೆಗೇ ವಾಲೀತು. ಲೇಖನಿ ನನ್ನ ಕೈಯಲ್ಲಿದೆ. ನಾಲ್ಕು ಚೌತಿಗಳನ್ನು ಅವನು ಸೊರಬದಲ್ಲಿಯೂ ನಾನು ಶಿಕಾರಿಪುರದಲ್ಲಿಯೂ ಮಾಡಿದೆವು. ಶಿರಾಳಕೊಪ್ಪದ ಮೇಲೆ ಹಾದು ಹೋಗುವ ಬಸ್ಸಿಗೆ ಅದು ಒಂದೆರಡು ಗಂಟೆಯ ದಾರಿ. ನಮಗೆ ನಾಲ್ಕು ವರ್ಷ ಹಿಡಿಯಿತು.

ಈ ಸಲ ಅಮ್ಮ ಫೋನಿನಲ್ಲಿ, “ಕಡುಬಿನ ಲೆಕ್ಕ ಪ್ರತಿ ವರ್ಷ ತಪ್ತದೆ ಕಣೋ. ಹೆಚ್ಚು ಮಾಡಿಬಿಡ್ತೀನಿ, ಉಳಿದು ಹೋಗ್ತದೆ” ಎಂದಳು. ಬೇರೆ ಏನೂ ಹೇಳಲಿಲ್ಲ. ಹೊರಟುಬಿಟ್ಟೆವು.

ಬಾಗಿಲಲ್ಲಿ ಅಣ್ಣ, “ಬಂದ್ಯಾ? ಕಾಲು ತೊಳ್ಕೋ” ಎಂದ. ಒಳಗೆ ಮಣೆಯ ಮೇಲೆ ಗುಡಿಗಾರರ ಮನೆಯಿಂದ ತಂದ ಮಣ್ಣಿನ ಗಣಪ ಕುಳಿತಿದ್ದ. ಪ್ರತಿ ವರ್ಷವೂ ಅದೇ ಸೊಂಡಿಲು, ಅದೇ ಹೊಟ್ಟೆ. ಆದರೂ ಹಳೆಯದನ್ನೇ ಮತ್ತೆ ತಂದರೆಂದು ಯಾರೂ ಅವನನ್ನು ಹಳಿಯುವುದಿಲ್ಲ. ಹಬ್ಬದಿಂದ ನಾವು ಹೊಸ ಕಥೆಯನ್ನು ಬೇಡುವುದಿಲ್ಲ. ಹಳೆಯ ಪಾತ್ರಗಳೆಲ್ಲ ಇದ್ದರೆ ಸಾಕು. ಟಿ.ವಿ.ಯ ಎರಡನೆಯ ಭಾಗಗಳ ಮುಂದೆ ಕೂರುವಾಗಲೂ ನಮ್ಮ ಆಸೆ ಇದೇ ಇರಬೇಕು. ಅದು ಪರದೆಯ ಮೇಲಿನವರನ್ನು ಮರಳಿ ತರಬಲ್ಲದು, ಪರದೆಯ ಮುಂದೆ ಕುಳಿತಿದ್ದವರನ್ನಲ್ಲ.

ಸಂಜೆ ಚಿತ್ರ ಬಂತು. ಅಪ್ಪ ನಗುತ್ತಿದ್ದ ಜಾಗದಲ್ಲಿ ಅಣ್ಣನೂ ನಾನೂ, ಮಾತು ಬರುವ ಮೊದಲೇ ನಕ್ಕೆವು. ನಕ್ಕ ಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತೋಟದ ಮಾತನ್ನು ಯಾರೂ ಎತ್ತಲಿಲ್ಲ. ಒಂದು ದಿನ ಎತ್ತಲೇಬೇಕು.

ಮಗಳ ಪ್ರಶ್ನೆ ಹಾಗೆಯೇ ನಿಂತಿತ್ತು. ನಾನು ತಡವರಿಸುತ್ತಿದ್ದುದನ್ನು ಕಂಡು ಅವಳ ದೊಡ್ಡಪ್ಪನೇ ಹೇಳಿದ: “ಆಮೇಲೇನು ಪುಟ್ಟಿ? ಎಲ್ಲ ಒಂದೇ ಪಂಕ್ತೀಲಿ ಊಟಕ್ಕೆ ಕೂತರು. ಏಳು, ಎಲೆ ಹಾಕಿದಾರೆ.”

ಆ ರಾತ್ರಿ ಕಡುಬು ಎರಡು ಕಡಮೆಯೇ ಬಿದ್ದವು.