ನಡುವಿನ ಸ್ಪೀಕರ್

ಈ ಸಲ ಚೌತಿಗೆ ಊರಿಗೆ ಹೋಗುವಾಗ ಅಪ್ಪನಿಗೊಂದು ಹೊಸ ಟಿವಿ ಕೊಡಿಸಬೇಕು ಅಂತ ತೀರ್ಮಾನಿಸಿದ್ದೆ. ನಾನು ಮುರ್ಡೇಶ್ವರ ಸ್ಟೇಷನ್ನಿನಲ್ಲಿ ಇಳಿದು ಕಾಯ್ಕಿಣಿಯ ಮನೆ ಮುಟ್ಟುವಷ್ಟರಲ್ಲಿ, ಆನ್‌ಲೈನಲ್ಲಿ ಆರ್ಡರ್ ಮಾಡಿದ್ದ 43 ಇಂಚಿನ ಪೆಟ್ಟಿಗೆ ನನಗಿಂತ ಮೊದಲೇ ಬಂದು ಜಗಲಿಯಲ್ಲಿ ಕೂತಿತ್ತು.

ಕಾರಣ ಇತ್ತು. "ನಿನ್ನಪ್ಪ ಟಿವಿ ಹಾಕಿದ್ರೆ ಪಕ್ಕದ ಮನೆಯವರಿಗೂ ಕೇಳ್ತದೆ" ಅಂತ ಅಮ್ಮ ಫೋನಿನಲ್ಲಿ ದೂರುತ್ತಲೇ ಇದ್ದಳು. ಅಪ್ಪನ ಉತ್ತರ ಒಂದೇ: "ಹಂಚಿನ ಮೇಲೆ ಮಳೆ ಹೊಯ್ದರೆ ಮತ್ತೆಂತ ಕೇಳ್ತದೆ ಮಾರಾಯ್ತಿ?" ಹಳೇ ಟಿವಿಯ ಸ್ಪೀಕರ್ ಹೋಗಿದೆ ಅಂದುಕೊಂಡೆ. 2018ರಲ್ಲಿ ಮೊದಲ ಬೋನಸ್ಸಿನಲ್ಲಿ ನಾನೇ ತಂದ 5.1 ಹೋಮ್ ಥಿಯೇಟರ್ ಮನೆಯಲ್ಲೇ ಇತ್ತು. ಹೊಸ ಟಿವಿಗೆ ಅದನ್ನು ಸೇರಿಸಿಬಿಟ್ಟರೆ ಸಮಸ್ಯೆ ಮುಗೀತು ಅಂತ ನನ್ನ ಲೆಕ್ಕ.

ಹಳೇ ಟಿವಿಗೆ ಕೆಂಪು-ಬಿಳಿ ಪಿನ್ನಿನ ವೈರ್ ಸಾಕಾಗಿತ್ತು. ಹೊಸದರ ಹಿಂದೆ ಆ ತೂತುಗಳೇ ಇಲ್ಲ. ಎಚ್‌ಡಿಎಂಐ ಎಆರ್‌ಸಿ ಇದೆ, ಆದರೆ ನಮ್ಮ ಹೋಮ್ ಥಿಯೇಟರಿನಲ್ಲಿ ಎಚ್‌ಡಿಎಂಐ ಇಲ್ಲ. ಎರಡರಲ್ಲೂ ಇದ್ದದ್ದು ಆಪ್ಟಿಕಲ್ ಪೋರ್ಟ್ ಒಂದೇ. ಭಟ್ಕಳಕ್ಕೆ ಹೋಗಿ ಕೇಬಲ್ ತಂದು ಸಿಕ್ಕಿಸಿದೆ. ಶಬ್ದವೇ ಇಲ್ಲ. ಅರ್ಧ ಗಂಟೆ ಸೆಟ್ಟಿಂಗ್ಸ್ ತಡಕಾಡಿ ಬೆವರಿದ ಮೇಲೆ, ಅಪ್ಪ ಕೇಬಲ್ಲಿನ ತುದಿ ಹಿಡಿದು ನೋಡಿ, "ಇದಕ್ಕೆ ಟೋಪಿ ಹಾಕಿದ್ದು ಎಂತಕ್ಕೆ?" ಅಂದ. ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ! ಅದನ್ನು ತೆಗೆದು ಟಿವಿಗೆ ಹಾಕಿದರೆ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು.

"ಬೆಳಕಿನಲ್ಲಿ ಶಬ್ದ ಹೋಗ್ತದಾ?" ಅಪ್ಪನಿಗೆ ಆಶ್ಚರ್ಯ.

ಆಮೇಲೂ ಎದುರಿನ ಎರಡೇ ಸ್ಪೀಕರ್ ಮಾತಾಡಿದವು. ಟಿವಿ 'ಪಿಸಿಎಂ'ನಲ್ಲಿತ್ತು, ಆಪ್ಟಿಕಲ್‌ನಲ್ಲಿ ಹಾಗೆ ಕಳಿಸಿದರೆ ಎರಡೇ ಚಾನೆಲ್. 'ಡಾಲ್ಬಿ ಡಿಜಿಟಲ್'ಗೆ ಬದಲಿಸಿ ಒಂದು ಸಿನಿಮಾ ಹಾಕಿದೆ. ಬೆನ್ನ ಹಿಂದೆ ಹೆಲಿಕಾಪ್ಟರ್ ಹಾರಿತು. ಅಮ್ಮ ತಿರುಗಿ ನೋಡಿದಳು. ಅಪ್ಪ "ಚಲೋ ಇದೆ" ಅಂದ, ಅಷ್ಟೇ.

"ಅವ್ರಿಗೆ ಆಟ ಹಾಕು" ಅಂದಳು ಅಮ್ಮ. ಯೂಟ್ಯೂಬಿನಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ಹಾಕಿದೆ. ಹೊನ್ನಾವರ ಕಡೆಯ ಆಟ ನೋಡಿಯೇ ದೊಡ್ಡವನಾದ ಅಪ್ಪ ಕುರ್ಚಿಯ ತುದಿಗೆ ಬಂದ. ಪದ್ಯ ಮುಗಿದು ಮಾತು ಶುರುವಾಯಿತು. ನನಗೂ ಅಮ್ಮನಿಗೂ ಒಂದೊಂದು ಶಬ್ದವೂ ಸ್ಪಷ್ಟ. ಅಪ್ಪ ಮಾತ್ರ ಪರದೆ ನೋಡುತ್ತಾ ಸುಮ್ಮನಿದ್ದ.

"ಚಲೋ ಕೇಳ್ತದಲ್ಲ ಅಪ್ಪಾ?"

"ಚಂಡೆ ಕೇಳ್ತದೆ."

ಅವತ್ತು ಮಳೆ ಇರಲಿಲ್ಲ.

ವಯಸ್ಸಾದಂತೆ ಕಿವಿ ಸಾಮಾನ್ಯವಾಗಿ ಮೊದಲು ಬಿಟ್ಟುಕೊಡುವುದು ತಾರಕದ ಶಬ್ದಗಳನ್ನು. 'ಸ', 'ಶ', 'ತ'ದಂಥ ವ್ಯಂಜನಗಳು ಮಸುಕಾಗುತ್ತವೆ. ಮಾತು ಕೇಳುತ್ತದೆ, ಏನೆಂದು ತಿಳಿಯುವುದಿಲ್ಲ. ವಾಲ್ಯೂಮ್ ಏರಿಸಿದರೆ ಗದ್ದಲವೂ ಅಷ್ಟೇ ಏರುತ್ತದೆ. ಆಗ ನೆನಪಾಯಿತು: ಎರಡು ವರ್ಷದಿಂದ ಅಪ್ಪ ನನ್ನ ಫೋನ್ ಬಂದರೆ "ಊಟ ಆಯ್ತಾ?" ಅಂತ ಕೇಳಿ, ಉತ್ತರಕ್ಕೆ ಕಾಯದೆ "ಅಮ್ಮನ ಹತ್ರ ಮಾತಾಡು" ಅಂತ ಕೊಟ್ಟುಬಿಡುತ್ತಿದ್ದ. ಬೆಂಗಳೂರಿಗೆ ಹೋದ ಮಗನ ಮೇಲೆ ಮುನಿಸು ಅಂದುಕೊಂಡಿದ್ದೆ. ನಾನೂ ಮುನಿಸಿಕೊಂಡಿದ್ದೆ.

ಏನೂ ಹೇಳಲಿಲ್ಲ. ಹೋಮ್ ಥಿಯೇಟರನ್ನು 'ಪ್ರೊ ಲಾಜಿಕ್'ಗೆ ಹಾಕಿದೆ. ಎರಡೂ ಚಾನೆಲ್‌ನಲ್ಲಿ ಸಮನಾಗಿರುವ ದನಿಯನ್ನು ಅದು ನಡುವಿನ ಸ್ಪೀಕರ್‌ಗೆ ಕಳಿಸುತ್ತದೆ. ಆ ಸ್ಪೀಕರನ್ನು ಉದ್ದ ವೈರ್ ಹಾಕಿ ಅಪ್ಪನ ಕುರ್ಚಿಯ ಪಕ್ಕಕ್ಕೇ ತಂದಿಟ್ಟೆ. ಬೇಸ್ ಇಳಿಸಿದೆ. ಅಪ್ಪ ಸ್ವಲ್ಪ ಹೊತ್ತು ಕೇಳಿ ಒಮ್ಮೆ ನಕ್ಕ. ನಗುವ ಜಾಗದಲ್ಲೇ ನಕ್ಕ. ಐದು ಸ್ಪೀಕರಿನ ವೈಭವದಲ್ಲಿ ಅವನಿಗೆ ಬೇಕಾಗಿದ್ದದ್ದು ಒಂದೇ, ಅದೂ ಹತ್ತಿರ.

ಮರುದಿನ ಹೇಳಿದೆ, "ಕಿವಿ ಒಮ್ಮೆ ತೋರಿಸೋಣ." ಸಿಟ್ಟು ಬಂತು ಅವನಿಗೆ. ದೀಪಾವಳಿವರೆಗೂ ಮುಂದೂಡಿದ. ಈಗ ಶ್ರವಣ ಸಾಧನ ಬಂದಿದೆ, ಅರ್ಧ ದಿನ ಡಬ್ಬಿಯಲ್ಲೇ ಇರುತ್ತದೆ ಅಂತ ಅಮ್ಮನ ಹೊಸ ದೂರು. ಆಪ್ಟಿಕಲ್ ಕೇಬಲ್ಲಿಂದಾಗಿ ಟಿವಿಗೊಂದು, ಶಬ್ದಕ್ಕೊಂದು ಅಂತ ಎರಡು ರಿಮೋಟ್ ಬೇರೆ. ಶಬ್ದದ್ದಕ್ಕೆ ಕೆಂಪು ಟೇಪ್ ಸುತ್ತಿಟ್ಟು ಬಂದಿದ್ದೇನೆ.

ನಿಮ್ಮನೆಯಲ್ಲೂ ಟಿವಿಯ ವಾಲ್ಯೂಮ್ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಟಿವಿ ಬದಲಿಸುವ ಮೊದಲು ಒಂದು ಸಂಜೆ ಪಕ್ಕದಲ್ಲಿ ಕೂತು ನೋಡಿ.

ಕಳೆದ ಭಾನುವಾರ ಫೋನ್ ಮಾಡಿದಾಗ ಅಪ್ಪ ಊಟದಲ್ಲಿ ಏನಿತ್ತು ಅಂತಲೂ ಕೇಳಿದ. ಸ್ವಿಗ್ಗಿ ಅಂದೆ. ಬೈದ. ಸರಿಯಾಗಿ ಕೇಳಿಸಿತ್ತು ಅಂತಾಯಿತು.