ಹುಡುಕಿದರೂ ಸಿಗದ ನಾವು

ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಗುಮಾಸ್ತಿಕೆ ಮಾಡುತ್ತಿರುವ ನನಗೆ ಸೀನಿಯಾರಿಟಿಯ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಸೇರಿದವನು ಮೇಲೆ, ಆಮೇಲೆ ಸೇರಿದವನು ಕೆಳಗೆ. ಈ ನ್ಯಾಯ ನಡೆಯದ ಪಟ್ಟಿಯೊಂದು ಲೋಕದಲ್ಲಿದೆ ಎಂದು ನನಗೆ ತಿಳಿದದ್ದು ಕಳೆದ ವರ್ಷ, ಡೊಂಬಿವಲಿಯ ಲೋಕಲ್ ಗಾಡಿಯಲ್ಲಿ.

ನೂಕುನುಗ್ಗಲಿನಲ್ಲಿ ಪಕ್ಕದ ತರುಣನೊಬ್ಬ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದ. ಪರಸ್ಥಳದಲ್ಲಿ ಕನ್ನಡ ಕಿವಿಗೆ ಬಿದ್ದರೆ ಸುಮ್ಮನಿರಲಾದೀತೆ? ‘ಯಾವೂರು ನಿಮ್ಮದು?’ ಎಂದೆ. ಹಾವೇರಿಯ ಕಡೆಯವನು. ನಮ್ಮ ಸಂಘದ ಕೋಣೆಯಿಂದ ಎರಡು ಗಲ್ಲಿ ಆಚೆ ಮೂರು ವರ್ಷಗಳಿಂದ ವಾಸ. ಏಳು ವರ್ಷದ ಮಗಳಿದ್ದಾಳೆ. ‘ಕನ್ನಡ ಕಲಿಸಬೇಕಂತ ಗೂಗಲ್‌ನಲ್ಲಿ ಹುಡುಕಿದೆ ಸರ್. ಇಲ್ಲೆಲ್ಲೂ ಕ್ಲಾಸು ಕಾಣಿಸಲಿಲ್ಲ. ಫ್ರೆಂಚಿಗೆ ಹಾಕಿದ್ವಿ’ ಎಂದ. ಅಷ್ಟರಲ್ಲಿ ಠಾಣೆ ಬಂತು, ಅವನು ಇಳಿದುಹೋದ. ಹೆಸರು ಕೇಳುವುದಕ್ಕೂ ಆಗಲಿಲ್ಲ.

ನಮ್ಮ ಭಾನುವಾರದ ಕನ್ನಡ ತರಗತಿಗೆ ಮೂವತ್ತು ವರ್ಷ. ಜಾಲತಾಣಕ್ಕೂ ಎಂಟು ವರ್ಷವಾಗಿತ್ತು. ಆಗ ತರಗತಿಯಲ್ಲಿ ಉಳಿದಿದ್ದ ಮಕ್ಕಳು ಆರು. ಐದಕ್ಕಿಂತ ಕಡಿಮೆಯಾದರೆ ಜೂನಿನಿಂದ ನಿಲ್ಲಿಸುವುದೆಂದು ಕಾರ್ಯಕಾರಿ ಸಮಿತಿ ಠರಾವು ಮಾಡಿಬಿಟ್ಟಿತ್ತು. ಆ ಆರರಲ್ಲಿ ನನ್ನ ಮಗಳಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುವುದು ವಾಸಿ. ಐದನೆಯ ಇಯತ್ತೆಗೆ ಬಂದಾಗ ‘ಟ್ಯೂಶನ್ ಇದೆ ಅಪ್ಪಾ’ ಎಂದಳು. ನಾನೂ ಹೂಂ ಎಂದಿದ್ದೆ.

ಸಭೆಯಲ್ಲಿ ಲೋಕಲ್ಲಿನ ಪ್ರಸಂಗ ಹೇಳಿದೆ. ಕಾರ್ಯದರ್ಶಿಗಳು, ‘ನೀವು ಬಿ.ಎಸ್ಸಿ. ಓದಿದವರು ರಾಯರೇ, ನೀವೇ ಇದನ್ನು ನೋಡಿಕೊಳ್ಳಿ’ ಎಂದು ಗಂಟು ಹಾಕಿದರು. ನಾನು ನೋಡಿಕೊಂಡ ಚಂದ ಕೇಳಿ. ಕಚೇರಿಯ ಮಿತ್ರರೊಬ್ಬರ ಕಡೆಯಿಂದ ಒಬ್ಬ ಹುಡುಗನನ್ನು ಹಿಡಿದು ತಂದೆ. ‘ಹದಿನೈದು ದಿನದಲ್ಲಿ ನಂಬರ್ ಒನ್, ಗ್ಯಾರಂಟಿ’ ಎಂದ. ಹನ್ನೆರಡು ಸಾವಿರ ರೂಪಾಯಿ. ಖಜಾಂಚಿಗಳು ಅನುಮಾನಿಸಿದಾಗ ‘ನಾನಿದ್ದೇನಲ್ಲ’ ಎಂದವನೂ ನಾನೇ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರೆಂದು ಗೂಗಲ್ ತಾನೇ ಬರೆದಿಟ್ಟಿದೆ. ನಾನು ಅದನ್ನು ಓದಿದ್ದು ಹಣ ಕೊಟ್ಟ ಮೇಲೆ.

ಇದರ ಒಳಗುಟ್ಟು ಗುಮಾಸ್ತರಿಗೆ ಬೇಗ ಅರ್ಥವಾಗುವಂಥದು. ಲ್ಯಾರಿ ಪೇಜ್, ಸೆರ್ಗೇ ಬ್ರಿನ್ ಎಂಬ ಸ್ಟ್ಯಾನ್‌ಫರ್ಡಿನ ಇಬ್ಬರು ವಿದ್ಯಾರ್ಥಿಗಳು 1998ರಲ್ಲಿ ಗೂಗಲ್ ಕಂಪನಿ ಕಟ್ಟಿದರಷ್ಟೆ. ಅದರ ಬುಡದಲ್ಲಿದ್ದದ್ದು ಪೇಜ್‌ರ್‍ಯಾಂಕ್ ಎಂಬ ಲೆಕ್ಕ. ಒಂದು ಪುಟ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದು ಶಿಫಾರಸು ಪತ್ರವಿದ್ದಂತೆ. ಆದರೆ ಎಲ್ಲ ಪತ್ರಕ್ಕೂ ಒಂದೇ ತೂಕವಲ್ಲ. ಬರೆದವನಿಗೆ ಎಷ್ಟು ಜನರ ಶಿಫಾರಸಿದೆ, ಅವನು ಎಷ್ಟು ಮಂದಿಗೆ ಪತ್ರ ಹಂಚಿದ್ದಾನೆ ಎಂಬುದರ ಮೇಲೆ ಬೆಲೆ. ಕಂಡಕಂಡವರಿಗೆಲ್ಲ ಬರೆದುಕೊಡುವ ದೊಡ್ಡವರ ಪತ್ರಕ್ಕೆ ನಮ್ಮಲ್ಲೂ ಅಷ್ಟೇ ತಾನೆ ಬೆಲೆ! ವಿಜ್ಞಾನಿಗಳ ಪ್ರಬಂಧಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ಹುಡುಕುವುದಕ್ಕೆ ಯೂಜೀನ್ ಗಾರ್ಫೀಲ್ಡ್ 1964ರಲ್ಲೇ ಸೂಚಿ ಹೊರತಂದಿದ್ದರು. ಅದೇ ಜಾತಿಯ ಯೋಚನೆ. ಈ ಲೆಕ್ಕ ಬಿಡಿಸಿದರೆ ಸಿಗುವುದು ಮ್ಯಾಟ್ರಿಕ್ಸಿನ ಐಗನ್‌ವೆಕ್ಟರ್. ಧಾರವಾಡದಲ್ಲಿ ಅದನ್ನು ಉರುಹೊಡೆದು ಪಾಸಾದವನು ನಾನು. ಅದು ಯಾವ ಕೆಲಸಕ್ಕೆ ಬರುತ್ತದೆಂದು ತಿಳಿಯಲು ಎರಡು ದಶಕ ಹಿಡಿಯಿತು. ಈಗ ಗೂಗಲ್ ನೋಡುವ ಅಂಶಗಳು ಇನ್ನೂ ಬಹಳವಿವೆ, ಆದರೆ ಕೊಂಡಿಯ ಮರ್ಯಾದೆ ಪೂರ್ತಿ ಹೋಗಿಲ್ಲ.

ನಮ್ಮ ಹುಡುಗ ಮಾಡಿದ್ದು ಕಳ್ಳ ಶಿಫಾರಸು. ಲಾಟರಿ, ಕೂದಲೆಣ್ಣೆ, ಇನ್ನೂ ಇಲ್ಲಿ ಬರೆಯಬಾರದ ಸರಕಿನ ಪುಟಗಳಿಂದ ನಮ್ಮ ಸಂಘಕ್ಕೆ ನೂರಾರು ಕೊಂಡಿ ಹಾಕಿಸಿದ್ದ. ಇಂಥ ಆಟಗಳನ್ನು ಹಿಡಿಯಲೆಂದೇ ಗೂಗಲ್ 2012ರಲ್ಲಿ ಪೆಂಗ್ವಿನ್ ಎಂಬ ಹೆಸರಿನ ಬಿಗಿ ತಂದಿತ್ತು. ತಿಂಗಳೊಳಗೆ ನಮಗೆ ನೋಟೀಸು ಬಂತು: ಅಸಹಜ ಕೊಂಡಿಗಳು, ಆದ್ದರಿಂದ ಕ್ರಮ. ಮೊದಲು ಹಿಂದಿನ ಪುಟಗಳಲ್ಲಾದರೂ ಇದ್ದ ಸಂಘ ಈಗ ಪೂರಾ ಮಾಯ. ಹುಡುಗನ ಫೋನೂ ಮಾಯ. ದೀಪಾವಳಿಯ ಬೋನಸ್ಸಿನಿಂದ ಹನ್ನೆರಡು ಸಾವಿರ ತೆಗೆದು ಖಜಾಂಚಿಗಳ ಕೈಗಿಟ್ಟೆ. ಅವರು ಬೇಡವೆನ್ನಲಿಲ್ಲ. ಮನೆಯಲ್ಲಿ ಇದನ್ನು ಹೇಳಿದ್ದು ಸಂಕ್ರಾಂತಿಯ ಮೇಲೆ.

ಅಂದಿನಿಂದ ಭಾನುವಾರ ಮಧ್ಯಾಹ್ನಗಳಲ್ಲಿ ನಾನೇ ಕೂತೆ. ಮೊದಲನೆಯ ದಿನವೇ ಎದೆ ಧಸಕ್ಕೆಂದಿತು. ನಮ್ಮ ಪುಟಗಳೆಲ್ಲ ಹಳೆಯ ನುಡಿ ಲಿಪಿಯಲ್ಲಿದ್ದವು. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಕಣ್ಣಿಗೆ ಕಾಣುವುದು ‘ಕನ್ನಡ’. ಯಂತ್ರ ಓದುವುದು ಒಂದು ಪಿ, ನೆತ್ತಿಯ ಮೇಲೆ ಗೆರೆ ಹೊತ್ತ ಎ, ಬ್ರಿಟಿಷರ ಪೌಂಡಿನ ಚಿಹ್ನೆ! ಎಂಟು ವರ್ಷ ನಾವು ಗೂಗಲ್ಲಿನ ಮುಂದೆ ಪೌಂಡ್ ಪೌಂಡ್ ಎಂದು ಒದರುತ್ತಿದ್ದೆವು. ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಡುವ ಯೂನಿಕೋಡ್ 1991ರಿಂದಲೇ ಇದೆ. ನಮ್ಮ ಸಂಘಕ್ಕೆ ಅದರ ಸುದ್ದಿ ಬಂದಿರಲಿಲ್ಲ, ಅಷ್ಟೆ.

ತರಗತಿಯ ವೇಳೆ, ವಿಳಾಸ, ಫೋನ್ ಎಲ್ಲ ಒಂದು ಕರಪತ್ರದ ಫೋಟೋದೊಳಗಿದ್ದವು. ಪುಟದ ಶೀರ್ಷಿಕೆ ‘ಮುಖಪುಟ’ ಎಂದಿತ್ತು. ಹುಡುಕುವವರಲ್ಲಿ ಎಷ್ಟು ಜನ ‘ಮುಖಪುಟ’ ಎಂದು ಹುಡುಕುತ್ತಾರೆ? ಹುಡುಕುವವರು ಬರೆಯುವುದು ‘ಡೊಂಬಿವಲಿ ಕನ್ನಡ ಕ್ಲಾಸ್’ ಎಂದು, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಹಿರಿಯ ಸದಸ್ಯರೊಬ್ಬರು ‘ನಮ್ಮ ತಾಣದಲ್ಲಿ ಇಂಗ್ಲಿಷೇ?’ ಎಂದು ಆಕ್ಷೇಪಿಸಿದರು. ಎರಡು ಸಾಲಿಗೆ ಒಪ್ಪಿಸುವುದರಲ್ಲಿ ಎರಡು ಸಭೆ ಕಳೆದವು.

ಪುಟಗಳನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವತ್ತುಗಳೂ ಒತ್ತಕ್ಷರಗಳೂ ಅಲ್ಲಲ್ಲಿ ಕಾಲು ಮುರಿದುಕೊಂಡವು. ತಿದ್ದುವುದಕ್ಕೆ ಮಗಳನ್ನು ಕರೆದೆ. ನಾನು ಹಳೆಯ ಪ್ರತಿ ಓದುವುದು, ಅವಳು ಪರದೆಯ ಮೇಲೆ ನೋಡುವುದು. ಮೊದಮೊದಲು ತಡವರಿಸುತ್ತಿದ್ದಳು. ಆಮೇಲೆ ‘ಇದು ಸೂರ್ಯ ಅಲ್ಲ ಅಪ್ಪಾ, ಅರ್ಕಾವತ್ತು ಹೋಗಿದೆ’ ಎಂದು ತಾನೇ ಹಿಡಿಯತೊಡಗಿದಳು.

ಕಳ್ಳ ಕೊಂಡಿಗಳ ಪಟ್ಟಿ ಮಾಡಿ, ಇವು ನಮಗೆ ಬೇಡವೆಂದು ಗೂಗಲ್ಲಿಗೆ ಒಪ್ಪಿಸಿ, ಮರುಪರಿಶೀಲನೆಗೆ ಮನವಿ ಬರೆದೆ. ಮನವಿ ಬರೆಯುವುದೊಂದು ಮಾತ್ರ ನನಗೆ ಕರಗತ ವಿದ್ಯೆ. ತಪ್ಪನ್ನು ಒಪ್ಪಿಕೊಂಡೆ, ದಿನಾಂಕ ಸಹಿತ ವಿವರ ಕೊಟ್ಟೆ. ಕೆಲವು ವಾರಗಳಲ್ಲಿ ಕ್ರಮ ಹಿಂತೆಗೆದುಕೊಂಡಿರುವುದಾಗಿ ಉತ್ತರ ಬಂತು. ನಮ್ಮ ಕಚೇರಿಗಿಂತ ಬೇಗ.

ನಂಬರ್ ಒನ್ ಏನೂ ಆಗಿಲ್ಲ. ಮೊನ್ನೆ ನೋಡಿದಾಗ ನಾಲ್ಕನೆಯ ಜಾಗದಲ್ಲಿದ್ದೆವು. ಜೂನಿನ ಮೊದಲ ಭಾನುವಾರ ಕಲ್ಯಾಣದಿಂದ ಒಂದು ಕುಟುಂಬ ಎರಡು ಮಕ್ಕಳನ್ನು ಕರೆದುಕೊಂಡು ಬಂತು. ಹಾವೇರಿಯ ತರುಣನಲ್ಲ, ಅವನನ್ನು ನಾನು ಇವತ್ತಿಗೂ ಆ ಗಾಡಿಯಲ್ಲಿ ಹುಡುಕುತ್ತೇನೆ. ದಾಖಲೆ ಪುಸ್ತಕದಲ್ಲಿ ‘ಪರಿಚಯಿಸಿದವರು’ ಎಂಬ ಕಲಮಿನಲ್ಲಿ ಆ ತಾಯಿ ‘ಗೂಗಲ್’ ಎಂದು ಬರೆದರು. ಖಜಾಂಚಿಗಳು ಕನ್ನಡಕ ಏರಿಸಿ ನೋಡಿ, ‘ಇವರು ನಮ್ಮ ಸದಸ್ಯರೋ?’ ಎಂದರು. ಮಗಳು ಕಿಸಕ್ಕನೆ ನಕ್ಕಳು. ಅವಳು ಆಗಲೇ ಆ ಎರಡು ಮಕ್ಕಳ ಪಕ್ಕದ ಬೆಂಚಿನಲ್ಲಿ ಕೂತಿದ್ದಳು.